ಚುಕ್ಕೆ ಸಿಕ್ಕರೆ ಸಾಲದು, ಕಕ್ಷೆ ಸಿಗಬೇಕು

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವನ್ನು ಊರಿನವರೆಲ್ಲ ಎಂಸಿಎಫ್ ಎಂದೇ ಕರೆಯುತ್ತಾರೆ. 1982ರಿಂದ ಅಲ್ಲಿನ ಆಂಟೆನಾಗಳು ಆಕಾಶದತ್ತ ಮುಖ ಮಾಡಿ ನಿಂತಿವೆ. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಸಂಪರ್ಕ ಉಪಗ್ರಹ ಎಲ್ಲಿದೆ ಎಂದು ತಿಳಿಯಬೇಕಾದರೆ ಇಲ್ಲಿನ ಎಂಜಿನಿಯರುಗಳು ಅದಕ್ಕೆ ಒಂದು ಸಂಕೇತ ಕಳುಹಿಸುತ್ತಾರೆ. ಉಪಗ್ರಹ ಅದನ್ನು ಹಿಂದಿರುಗಿಸುತ್ತದೆ. ಹೋಗಿ ಬರಲು ಹಿಡಿದ ಕಾಲು ಸೆಕೆಂಡಿನಷ್ಟು ಸಮಯವನ್ನು ಅಳೆದರೆ ದೂರ ಗೊತ್ತಾಗುತ್ತದೆ. ಆಂಟೆನಾ ತಿರುಗಿರುವ ಕೋನದಿಂದ ದಿಕ್ಕು ಗೊತ್ತಾಗುತ್ತದೆ. ದೂರ, ದಿಕ್ಕು ಎರಡೂ ಕೈಯಲ್ಲಿದ್ದರೆ ಕಕ್ಷೆಯ ಲೆಕ್ಕಕ್ಕೆ ಭದ್ರವಾದ ತಳಹದಿ ಸಿಕ್ಕಂತೆ.

ಈಗ ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುತ್ತಿರುವ, ನಾಲ್ಕೈದು ಕಿಲೋಮೀಟರ್ ಅಗಲದ ಒಂದು ಬಂಡೆಯನ್ನು, ಅಂದರೆ ಒಂದು ಕ್ಷುದ್ರಗ್ರಹವನ್ನು, ಯೋಚಿಸಿ. ಅದು ಯಾವ ಸಂಕೇತಕ್ಕೂ ಉತ್ತರ ಕೊಡುವುದಿಲ್ಲ. ರೇಡಾರ್ ಬಳಸೋಣವೆಂದರೆ, ದೂರ ಎರಡು ಪಟ್ಟಾದರೆ ಮರಳುವ ಪ್ರತಿಧ್ವನಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಪ್ಪತ್ತು ಕೋಟಿ ಕಿಲೋಮೀಟರ್ ಆಚೆಯ ಸಣ್ಣ ಕಲ್ಲಿನಿಂದ ಏನೂ ಮರಳಿ ಬರುವುದಿಲ್ಲ. ನಮಗೆ ಸಿಗುವುದು ಅದರ ಮೇಲೆ ಬಿದ್ದು ಚದುರಿದ ಸೂರ್ಯನ ಬೆಳಕಿನ ಒಂದು ಚುಕ್ಕೆ. ಅಂದರೆ ದಿಕ್ಕು ಮಾತ್ರ, ದೂರವಿಲ್ಲ. ಹಾಗಿದ್ದೂ ಆ ಬಂಡೆ ಹತ್ತು ವರ್ಷದ ನಂತರ ಯಾವ ರಾತ್ರಿ ಯಾವ ನಕ್ಷತ್ರದ ಪಕ್ಕದಲ್ಲಿ ಇರುತ್ತದೆ ಎಂದು ಖಗೋಳ ವಿಜ್ಞಾನಿಗಳು ಹೇಳಬಲ್ಲರು. ಇದು ಹೇಗೆ ಸಾಧ್ಯವಾಯಿತು ಎಂಬುದು ಕ್ಷುದ್ರಗ್ರಹಗಳ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗದ ಸಂಗತಿ. ಪತ್ರಿಕೆಗಳಲ್ಲಿ ಬರುವ ‘ಹೊಸ ಕ್ಷುದ್ರಗ್ರಹ ಪತ್ತೆ’ ಎಂಬ ಸುದ್ದಿಗಳಲ್ಲಿ ಬಿಟ್ಟುಹೋಗುವುದೂ ಇದೇ ಭಾಗ.

ಮೊದಲು ಆ ಜಾಗದ ಪರಿಚಯ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ ಸುಮಾರು 15 ಕೋಟಿ ಕಿಲೋಮೀಟರ್. ಇದನ್ನು ಒಂದು ಖಗೋಳಮಾನ ಎನ್ನುತ್ತಾರೆ. ಮುಖ್ಯ ಕ್ಷುದ್ರಗ್ರಹ ಪಟ್ಟಿ ಸುಮಾರು 2.1ರಿಂದ 3.3 ಖಗೋಳಮಾನದವರೆಗೆ ಹರಡಿದೆ. ಕಕ್ಷೆ ಖಚಿತಗೊಂಡು ಕ್ರಮಸಂಖ್ಯೆ ಪಡೆದ ಕ್ಷುದ್ರಗ್ರಹಗಳು ಏಳು ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಈ ಪಟ್ಟಿಯವೇ. ಇಷ್ಟೆಲ್ಲ ಇದ್ದರೂ ಪಟ್ಟಿಯ ಒಟ್ಟು ದ್ರವ್ಯರಾಶಿ ನಮ್ಮ ಚಂದ್ರನ ಶೇಕಡಾ 4ಕ್ಕಿಂತ ಕಡಿಮೆ. ಸಿನಿಮಾಗಳಲ್ಲಿ ತೋರಿಸುವಂತೆ ಅಲ್ಲಿ ಬಂಡೆಗಳು ಒತ್ತೊತ್ತಾಗಿ ಉರುಳಾಡುತ್ತಿಲ್ಲ. 1972ರಲ್ಲಿ ಹಾರಿಸಿದ ಪಯೋನಿಯರ್ 10 ನೌಕೆ ಆ ಪ್ರದೇಶವನ್ನು ಮೊದಲ ಬಾರಿಗೆ ದಾಟಿತು, ಯಾವುದಕ್ಕೂ ಡಿಕ್ಕಿ ಹೊಡೆಯದೆ.

ಚುಕ್ಕೆ ನಕ್ಷತ್ರವಲ್ಲ ಎಂದು ತಿಳಿಯುವುದು ಅದರ ಚಲನೆಯಿಂದ. ಆಕಾಶದ ಒಂದೇ ತುಣುಕನ್ನು ಹದಿನೈದು ಇಪ್ಪತ್ತು ನಿಮಿಷಗಳ ಅಂತರದಲ್ಲಿ ಮೂರು ನಾಲ್ಕು ಬಾರಿ ಚಿತ್ರ ತೆಗೆಯುತ್ತಾರೆ. ಎಲ್ಲ ಚಿತ್ರಗಳಲ್ಲೂ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಕ್ಷುದ್ರಗ್ರಹ ಮಾತ್ರ ನೇರ ಗೆರೆಯಲ್ಲಿ, ಸಮವೇಗದಲ್ಲಿ ಸರಿದಿರುತ್ತದೆ. ಗಂಟೆಗೆ ಎಷ್ಟು? ಪಟ್ಟಿಯ ಕ್ಷುದ್ರಗ್ರಹವಾದರೆ 30ರಿಂದ 40 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ), ಅಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಐವತ್ತನೇ ಒಂದು ಭಾಗ. ಎರಡು ರಾತ್ರಿ ಕಳೆಯುವ ಹೊತ್ತಿಗೆ ಅದು ಚಂದ್ರನ ಅಗಲದಷ್ಟು ದೂರ ಸರಿದಿರುತ್ತದೆ. 1891ರ ಡಿಸೆಂಬರಿನಲ್ಲಿ ಜರ್ಮನಿಯ ಮ್ಯಾಕ್ಸ್ ವೋಲ್ಫ್ ಮೊದಲ ಬಾರಿಗೆ ಫೋಟೊಗ್ರಫಿ ಬಳಸಿ ಕ್ಷುದ್ರಗ್ರಹವೊಂದನ್ನು ಹಿಡಿದಾಗ, ದೀರ್ಘಕಾಲ ಬೆಳಕಿಗೆ ಒಡ್ಡಿದ ಗಾಜಿನ ಫಲಕದಲ್ಲಿ ಅದು ಸಣ್ಣ ಗೀರಾಗಿ ಮೂಡಿತ್ತು. ಈಗ ಈ ಕೆಲಸವನ್ನು ಡಿಜಿಟಲ್ ಕ್ಯಾಮೆರಾ ಮತ್ತು ತಂತ್ರಾಂಶಗಳು ಮಾಡುತ್ತವೆ, ತತ್ತ್ವ ಮಾತ್ರ ಅಂದಿನದೇ.

ಸರಿಯುವ ವೇಗ ಮೊದಲ ಸುಳಿವನ್ನೂ ಕೊಡುತ್ತದೆ. ಬೇಲೂರು ದಾಟಿ ಚಿಕ್ಕಮಗಳೂರಿನತ್ತ ಹೋಗುವ ಬಸ್ಸು ನಿಧಾನವಾಗಿ ಸಾಗುವ ಲಾರಿಯನ್ನು ಹಿಂದಿಕ್ಕುವಾಗ ಕಿಟಕಿಯಿಂದ ನೋಡಿ: ಲಾರಿಯೂ ಮುಂದಕ್ಕೇ ಹೋಗುತ್ತಿದ್ದರೂ, ದೂರದ ಬೆಟ್ಟಸಾಲಿನ ಹಿನ್ನೆಲೆಯಲ್ಲಿ ಅದು ಹಿಂದಕ್ಕೆ ಸರಿದಂತೆ ಕಾಣುತ್ತದೆ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಪಟ್ಟಿಯ ಒಳಭಾಗದ ಕ್ಷುದ್ರಗ್ರಹ ಸುಮಾರು 19 ಕಿಲೋಮೀಟರ್ ವೇಗದಲ್ಲಿ. ಸೂರ್ಯ ಒಂದು ಕಡೆ, ಕ್ಷುದ್ರಗ್ರಹ ಅದರ ನೇರ ಎದುರು ಕಡೆ, ನಡುವೆ ಭೂಮಿ ಎಂಬಂತಾದಾಗ ನಾವು ಅದನ್ನು ಹಿಂದಿಕ್ಕುತ್ತಿರುತ್ತೇವೆ. ಆಗ ಅದು ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಸರಿಯುತ್ತದೆ. ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ನಿಧಾನ. ಇದೇ ಲೆಕ್ಕದಲ್ಲಿ ಗುರುಗ್ರಹ ಗಂಟೆಗೆ 20 ಆರ್ಕ್ ಸೆಕೆಂಡ್ ಮಾತ್ರ ಸರಿಯುತ್ತದೆ. ಆದ್ದರಿಂದ ಹೊಸ ಚುಕ್ಕೆಯೊಂದು ಗಂಟೆಗೆ 35 ಆರ್ಕ್ ಸೆಕೆಂಡ್ ಸರಿದರೆ, ಅದು ಪಟ್ಟಿಯದ್ದೇ ಇರಬೇಕು ಎಂದು ಅನುಭವಸ್ಥರು ಆ ರಾತ್ರಿಯೇ ಊಹಿಸುತ್ತಾರೆ. ಆದರೆ ಅದಿನ್ನೂ ಊಹೆ.

ಕಕ್ಷೆಯನ್ನು ಪೂರ್ತಿಯಾಗಿ ಹೇಳಲು ಆರು ಸಂಖ್ಯೆಗಳು ಬೇಕು. ದೀರ್ಘವೃತ್ತ ಎಷ್ಟು ದೊಡ್ಡದು ಎಂಬುದು ಒಂದು, ಎಷ್ಟು ಚಪ್ಪಟೆಯಾಗಿದೆ ಎಂಬುದು ಇನ್ನೊಂದು. ಆ ದೀರ್ಘವೃತ್ತ ಭೂಮಿಯ ಕಕ್ಷೆಯ ತಲಕ್ಕೆ ಎಷ್ಟು ಓರೆಯಾಗಿದೆ, ಯಾವ ದಿಕ್ಕಿಗೆ ಓರೆಯಾಗಿದೆ, ಅದರ ತಲದಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದು ಯಾವ ಕಡೆಗಿದೆ ಎಂಬುವು ಮತ್ತೆ ಮೂರು. ಇಂಥ ದಿನ ಇಂಥ ಹೊತ್ತಿಗೆ ಬಂಡೆ ಆ ದಾರಿಯಲ್ಲಿ ಎಲ್ಲಿತ್ತು ಎಂಬುದು ಆರನೆಯದು. ಆಕಾಶದ ಒಂದು ವೀಕ್ಷಣೆ ನಮಗೆ ಎರಡು ಕೋನಗಳನ್ನು ಕೊಡುತ್ತದೆ, ಭೂಗೋಳದ ಅಕ್ಷಾಂಶ ರೇಖಾಂಶಗಳ ಹಾಗೆ. ಮೂರು ವೀಕ್ಷಣೆಗಳಾದರೆ ಆರು ಕೋನಗಳು. ಗೊತ್ತಿಲ್ಲದವು ಆರು, ಗೊತ್ತಿರುವವು ಆರು. ಲೆಕ್ಕ ಬಿಡಿಸಬಹುದು ಎಂದಾಯಿತು.

ಬಿಡಿಸಬಹುದು ಎನ್ನುವುದು ಒಂದು, ಬಿಡಿಸುವುದು ಬೇರೆ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಮೊದಲ ಕ್ಷುದ್ರಗ್ರಹವಾದ ಸೀರಿಸ್ ಅನ್ನು ಕಂಡರು. ಫೆಬ್ರುವರಿ 11ರವರೆಗೆ ಅದನ್ನು ಹಿಂಬಾಲಿಸಿದರು. ನಡುವೆ ಕಾಯಿಲೆ ಬಿದ್ದರು, ಅಷ್ಟರಲ್ಲಿ ಸೀರಿಸ್ ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಆರು ವಾರದ ಆ ಸಣ್ಣ ತುಣುಕಿನಿಂದ ಪೂರ್ತಿ ಕಕ್ಷೆ ಹೇಳುವ ವಿಧಾನ ಆಗ ಯಾರ ಬಳಿಯೂ ಇರಲಿಲ್ಲ. 24 ವರ್ಷದ ಜರ್ಮನ್ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡ.

ಗೌಸ್ ಹಿಡಿದ ದಾರಿಯ ತಿರುಳನ್ನು ಗಣಿತವಿಲ್ಲದೆಯೂ ಹೇಳಬಹುದು. ಮೂರು ರಾತ್ರಿಗಳಲ್ಲಿ ಭೂಮಿಯಿಂದ ಮೂರು ದಿಕ್ಕಿನಲ್ಲಿ ಮೂರು ಗೆರೆಗಳನ್ನು ಎಳೆಯೋಣ. ಕ್ಷುದ್ರಗ್ರಹ ಪ್ರತಿ ಗೆರೆಯ ಮೇಲೆ ಎಲ್ಲೋ ಇದೆ, ಎಷ್ಟು ದೂರದಲ್ಲಿ ಎಂದು ಗೊತ್ತಿಲ್ಲ. ಆದರೆ ಅದು ಎಲ್ಲೆಂದರಲ್ಲಿ ಇರುವಂತಿಲ್ಲ. ಮೊದಲನೆಯದಾಗಿ, ಮೂರೂ ಸ್ಥಾನಗಳು ಸೂರ್ಯನನ್ನು ಒಳಗೊಂಡ ಒಂದೇ ಸಮತಲದಲ್ಲಿ ಇರಲೇಬೇಕು, ಏಕೆಂದರೆ ಸೂರ್ಯನ ಸೆಳೆತದಲ್ಲಿ ಸುತ್ತುವ ವಸ್ತು ತನ್ನ ತಲವನ್ನು ಬಿಟ್ಟು ಹೋಗುವುದಿಲ್ಲ. ಎರಡನೆಯದಾಗಿ, ಕೆಪ್ಲರ್ ಹೇಳಿದಂತೆ ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣವನ್ನು ಗುಡಿಸುತ್ತದೆ. ವೀಕ್ಷಣೆಗಳ ನಡುವಿನ ಸಮಯ ಗಡಿಯಾರದಿಂದ ಗೊತ್ತಿದೆ, ಆದ್ದರಿಂದ ಆ ವಿಸ್ತೀರ್ಣಗಳ ಅನುಪಾತವೂ ಗೊತ್ತು. ಮೂರನೆಯದು ನನಗೆ ಅತ್ಯಂತ ಮೆಚ್ಚುಗೆಯಾದದ್ದು: ಈ ಅವಧಿಯಲ್ಲಿ ಭೂಮಿಯೂ ನಿಂತಿರುವುದಿಲ್ಲ. ದಿನಕ್ಕೆ 25 ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರ ಅದು ನಮ್ಮನ್ನು ಹೊತ್ತೊಯ್ಯುತ್ತದೆ. ಹೀಗಾಗಿ ಮೂರು ಗೆರೆಗಳು ಮೂರು ಬೇರೆ ಬೇರೆ ಜಾಗಗಳಿಂದ ಹೊರಡುತ್ತವೆ. ಹಾಸನದಲ್ಲಿ ಕೂತೇ ಇದ್ದರೂ ನಾವು ಕೋಟಿಗಟ್ಟಲೆ ಕಿಲೋಮೀಟರ್ ಉದ್ದದ ಅಳತೆಗೋಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿರುತ್ತೇವೆ. ಎಂಸಿಎಫ್‌ನಲ್ಲಿ ಸಂಕೇತ ಕಳುಹಿಸಿ ತಿಳಿಯುವ ದೂರವನ್ನು ಇಲ್ಲಿ ಭೂಮಿಯ ಓಟವೇ ಒದಗಿಸುತ್ತದೆ.

ಈ ಮೂರು ನಿಯಮಗಳಿಗೂ ಒಗ್ಗುವ ದೂರಗಳನ್ನು ಗೌಸ್ ಮೊದಲು ಅಂದಾಜಾಗಿ ಹಿಡಿದು, ಮತ್ತೆ ಮತ್ತೆ ತಿದ್ದುತ್ತ ಸಾಗಿದ. ಅವನ ಲೆಕ್ಕ ತೋರಿಸಿದ ಜಾಗದ ಸಮೀಪದಲ್ಲೇ 1801ರ ಡಿಸೆಂಬರ್ 31ರಂದು ಫ್ರಾಂಜ್ ಫಾನ್ ಝಾಕ್ ಸೀರಿಸನ್ನು ಮತ್ತೆ ಕಂಡರು. ಸೀರಿಸ್ ಪತ್ತೆಯಾದದ್ದು ಯಾವಾಗ ಎಂದು ಕೇಳಿದರೆ ಪುಸ್ತಕಗಳೆಲ್ಲ ಜನವರಿ 1 ಎನ್ನುತ್ತವೆ. ಕಂಡದ್ದು ಅಂದು, ನಿಜ. ಕಳೆದುಹೋಗದಂತೆ ಕೈಗೆ ಸಿಕ್ಕಿದ್ದು ವರ್ಷದ ಕೊನೆಯ ದಿನ ಎಂಬುದು ನನ್ನ ಅಭಿಪ್ರಾಯ.

ಕಳೆದುಹೋಗುವುದು ಎಷ್ಟು ಸುಲಭ ಎಂದು ನೋಡಿ. ನಾಲ್ಕಾರು ರಾತ್ರಿಗಳ ವೀಕ್ಷಣೆಯಿಂದ ಹಾಕಿದ ಲೆಕ್ಕದಲ್ಲಿ ಕ್ಷುದ್ರಗ್ರಹದ ಸುತ್ತಿನ ಅವಧಿ ಶೇಕಡಾ 1ರಷ್ಟು ತಪ್ಪಿದೆ ಎನ್ನೋಣ. ಒಂದು ಸುತ್ತು ಮುಗಿಯುವ ವೇಳೆಗೆ ಅದು ನಿರೀಕ್ಷಿಸಿದ ಜಾಗದಿಂದ 3.6 ಡಿಗ್ರಿ ಆಚೆಗಿರುತ್ತದೆ, ಅಂದರೆ ಏಳು ಚಂದ್ರಬಿಂಬಗಳಷ್ಟು ಆಚೆ. ಎರಡನೇ ಸುತ್ತಿಗೆ ತಪ್ಪು ಎರಡು ಪಟ್ಟು. ಅಷ್ಟು ದೊಡ್ಡ ಆಕಾಶದ ತುಂಡಿನಲ್ಲಿ ಅದೇ ಹೊಳಪಿನ ಬೇರೆ ಕ್ಷುದ್ರಗ್ರಹಗಳು ಹತ್ತಾರು ಇರಬಹುದು. ಮಿಲ್ಡ್ರೆಡ್‌ಗೆ ಆದದ್ದು ಇದೇ. 1916ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಸೇತ್ ನಿಕೋಲ್ಸನ್ ಈ ಪುಟ್ಟ ಪಟ್ಟಿ ಕ್ಷುದ್ರಗ್ರಹವನ್ನು ಕಂಡರು. ಖಗೋಳ ವಿಜ್ಞಾನಿ ಹಾರ್ಲೊ ಶ್ಯಾಪ್ಲೆಯ ಮಗಳ ಹೆಸರನ್ನು ಇಟ್ಟರು, 878 ಎಂಬ ಕ್ರಮಸಂಖ್ಯೆಯೂ ಸಿಕ್ಕಿತು. ಆಮೇಲೆ ಅದು ಕಾಣಲೇ ಇಲ್ಲ. 1991ರಲ್ಲಿ ಗ್ಯಾರೆತ್ ವಿಲಿಯಮ್ಸ್ ನಂತರದ ವೀಕ್ಷಣೆಗಳನ್ನು 1916ರ ವೀಕ್ಷಣೆಗಳೊಂದಿಗೆ ಜೋಡಿಸಿ ಇವೆರಡೂ ಒಂದೇ ಎಂದು ತೋರಿಸುವವರೆಗೆ, 75 ವರ್ಷ ಮಿಲ್ಡ್ರೆಡ್ ಎಂಬುದು ಹೆಸರಿದ್ದೂ ವಿಳಾಸವಿಲ್ಲದ ಬಂಡೆಯಾಗಿತ್ತು.

ಇಂಥ ಅನುಭವಗಳಿಂದ ಪಾಠ ಕಲಿತು ಇಂದು ಕ್ರಮಸಂಖ್ಯೆ ಕೊಡುವ ಮುನ್ನ ಬಹಳ ಕಾಯುತ್ತಾರೆ. ಮೊದಲು ಸಿಗುವುದು ತಾತ್ಕಾಲಿಕ ಗುರುತು. ನಮ್ಮದೇ ಉದಾಹರಣೆ ನೋಡೋಣ. 1988ರ ಫೆಬ್ರುವರಿ 17ರಂದು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರಿನಲ್ಲಿ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹವನ್ನು ಕಂಡರು. ಕಾವಲೂರಿನ ವೀಕ್ಷಣಾಲಯ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು. ಕ್ಷುದ್ರಗ್ರಹಕ್ಕೆ ಸಿಕ್ಕ ಗುರುತು 1988 ಡಿಕ್ಯೂ1. ವರ್ಷದ ನಂತರದ ಮೊದಲ ಅಕ್ಷರ ಹದಿನೈದು ದಿನಗಳ ಅವಧಿಯನ್ನು ಹೇಳುತ್ತದೆ: ಎ ಎಂದರೆ ಜನವರಿಯ ಮೊದಲ ಅರ್ಧ, ಬಿ ಎರಡನೇ ಅರ್ಧ, ಡಿ ಎಂದರೆ ಫೆಬ್ರುವರಿಯ ಎರಡನೇ ಅರ್ಧ. ಮುಂದಿನ ಅಕ್ಷರ ಆ ಅವಧಿಯೊಳಗಿನ ಸರದಿ. ಐ ಅಕ್ಷರವನ್ನು ಬಿಡುವುದರಿಂದ ಒಂದು ಸುತ್ತಿಗೆ 25 ಅಕ್ಷರಗಳು. ಕ್ಯೂ ಹದಿನಾರನೆಯದು, ಪಕ್ಕದ 1 ಎಂದರೆ ಒಂದು ಸುತ್ತು ಮುಗಿದಿದೆ. ಕೂಡಿದರೆ ಆ ಅರ್ಧ ತಿಂಗಳಿನ 41ನೆಯದು. ಕಕ್ಷೆ ಖಚಿತವಾದ ಮೇಲೆ ಅದಕ್ಕೆ 4130 ಎಂಬ ಸಂಖ್ಯೆ ಬಂತು, ರಾಮಾನುಜನ್ ಎಂಬ ಹೆಸರು ಬಂತು. ಕಾವಲೂರನ್ನು ಕಟ್ಟಿ ಬೆಳೆಸಿದ ವೇಣು ಬಾಪು ಅವರ ಹೆಸರಿನಲ್ಲೂ ಪಟ್ಟಿಯಲ್ಲೊಂದು ಕ್ಷುದ್ರಗ್ರಹವಿದೆ, ಸಂಖ್ಯೆ 2596.

ಕಕ್ಷೆ ಖಚಿತವಾಗುವುದು ಎಂದರೆ ಸಾಮಾನ್ಯವಾಗಿ ನಾಲ್ಕು ಬಾರಿಯಾದರೂ ಅದು ಸೂರ್ಯನಿಗೆ ಎದುರು ಬಂದಾಗ ನೋಡಿರಬೇಕು. ಪಟ್ಟಿಯ ಒಳಭಾಗದ ಕ್ಷುದ್ರಗ್ರಹ ಒಮ್ಮೆ ಎದುರು ಬಂದರೆ ಮತ್ತೆ ಬರಲು ಸುಮಾರು 16 ತಿಂಗಳು ಬೇಕು. ಮಲೆನಾಡಿನವರಿಗೆ ಇಲ್ಲೊಂದು ತೊಡಕು ತಕ್ಷಣ ಹೊಳೆಯುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಗ್ರಹಗಳೂ ಹೆಚ್ಚಿನ ಕ್ಷುದ್ರಗ್ರಹಗಳೂ ಸಾಗುವ ಕ್ರಾಂತಿವೃತ್ತ ಇಲ್ಲಿ ವರ್ಷದ ಬಹುಕಾಲ ನಡುನೆತ್ತಿಯ ಸಮೀಪದಲ್ಲೇ ಹಾದುಹೋಗುತ್ತದೆ, ಯುರೋಪಿನ ವೀಕ್ಷಕರು ಅಸೂಯೆಪಡಬೇಕಾದ ಅನುಕೂಲ ಇದು. ಆದರೆ ಧನು ರಾಶಿಯಲ್ಲಿ ಎದುರು ಬರುವ ಕ್ಷುದ್ರಗ್ರಹ ಜೂನ್ ಜುಲೈ ತಿಂಗಳಿನಲ್ಲಿ ಬರುತ್ತದೆ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಆಗ ಆಕಾಶ ಎಲ್ಲಿ ಕಾಣಬೇಕು? ಆ ಸರದಿ ತಪ್ಪಿದರೆ ಮುಂದಿನ ಅವಕಾಶ ಬರುವ ವರ್ಷದ ಅಕ್ಟೋಬರ್ ನವೆಂಬರ್, ಅದರ ಮುಂದಿನದು ಫೆಬ್ರುವರಿ ಮಾರ್ಚ್. ಕ್ಷುದ್ರಗ್ರಹವೊಂದರ ಕಕ್ಷೆಗೆ ಜಗತ್ತಿನ ಬೇರೆ ಬೇರೆ ಮೂಲೆಗಳ ವೀಕ್ಷಣೆಗಳು ಬೇಕಾಗುವುದು ಈ ಕಾರಣಕ್ಕೂ ಹೌದು. ಅವೆಲ್ಲ ಬಂದು ಸೇರುವುದು ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರಿಗೆ.

ಖಚಿತಗೊಂಡ ಕಕ್ಷೆಯೊಂದು ಹೇಗಿರುತ್ತದೆ ಎಂದು ನೋಡಲು 67 ಏಷ್ಯಾವನ್ನು ತೆಗೆದುಕೊಳ್ಳೋಣ. 1861ರ ಏಪ್ರಿಲ್ 17ರಂದು ಮದ್ರಾಸು ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಅದನ್ನು ಕಂಡರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು, ಹೆಸರು ಬಂದದ್ದೂ ಅದರಿಂದಲೇ. ಸೂರ್ಯನಿಂದ ಅದರ ಸರಾಸರಿ ದೂರ 2.42 ಖಗೋಳಮಾನ, ಸುಮಾರು 36 ಕೋಟಿ ಕಿಲೋಮೀಟರ್. ಕೆಪ್ಲರನ ಮೂರನೇ ನಿಯಮದ ಪ್ರಕಾರ ಈ ಸಂಖ್ಯೆಯ ಘನದ ವರ್ಗಮೂಲ ತೆಗೆದರೆ ಸುತ್ತಿನ ಅವಧಿ ವರ್ಷಗಳಲ್ಲಿ ಸಿಗುತ್ತದೆ: ಸುಮಾರು 3.77 ವರ್ಷ. ಕಕ್ಷೆ ತುಸು ಚಪ್ಪಟೆಯಾಗಿರುವುದರಿಂದ ಏಷ್ಯಾ ಸೂರ್ಯನಿಗೆ ಹತ್ತಿರ ಬಂದಾಗ 1.97, ದೂರ ಹೋದಾಗ 2.87 ಖಗೋಳಮಾನದಲ್ಲಿರುತ್ತದೆ. ತಲದ ಓರೆ ಸುಮಾರು 6 ಡಿಗ್ರಿ.

ಈ 2.42 ಎಂಬ ಸಂಖ್ಯೆಯ ಪಕ್ಕದಲ್ಲೇ ಒಂದು ನಿಷಿದ್ಧ ಜಾಗವಿದೆ. 1866ರಲ್ಲಿ, ಗೊತ್ತಿದ್ದ ಕ್ಷುದ್ರಗ್ರಹಗಳ ಸಂಖ್ಯೆ ಇನ್ನೂ ನೂರು ಮುಟ್ಟದ ಕಾಲದಲ್ಲಿ, ಡೇನಿಯಲ್ ಕರ್ಕ್‌ವುಡ್ ಕೆಲವು ಸರಾಸರಿ ದೂರಗಳಲ್ಲಿ ಯಾವ ಕ್ಷುದ್ರಗ್ರಹವೂ ಇಲ್ಲದಿರುವುದನ್ನು ಗುರುತಿಸಿದರು. 2.5 ಖಗೋಳಮಾನ ಅಂಥದ್ದರಲ್ಲಿ ಒಂದು. ಆ ದೂರದಲ್ಲಿ ಸುತ್ತಿನ ಅವಧಿ 3.95 ವರ್ಷ, ಅಂದರೆ ಗುರುವಿನ 11.86 ವರ್ಷದ ಸರಿಯಾಗಿ ಮೂರನೇ ಒಂದು ಭಾಗ. ಅಲ್ಲಿ ಸುತ್ತುವ ಬಂಡೆ ತನ್ನ ಮೂರು ಸುತ್ತಿಗೊಮ್ಮೆ, ಗುರು ಒಂದು ಸುತ್ತು ಮುಗಿಸುವಾಗ, ಗುರುವಿನ ಅದೇ ಬಗೆಯ ಸೆಳೆತಕ್ಕೆ ಮತ್ತೆ ಸಿಗುತ್ತದೆ. ಸೆಳೆತಗಳು ಒಂದನ್ನೊಂದು ಅಳಿಸಿಹಾಕದೆ ಕೂಡುತ್ತ ಹೋಗುತ್ತವೆ, ಕಕ್ಷೆ ಹೆಚ್ಚು ಹೆಚ್ಚು ಚಪ್ಪಟೆಯಾಗುತ್ತದೆ, ಕೊನೆಗೆ ಮಂಗಳನ ಅಥವಾ ಭೂಮಿಯ ದಾರಿಗೆ ಅಡ್ಡ ಬಂದು ಅಲ್ಲಿಂದ ಎಸೆಯಲ್ಪಡುತ್ತದೆ. ನಮ್ಮ ನೆಲಕ್ಕೆ ಬೀಳುವ ಉಲ್ಕಾಶಿಲೆಗಳಲ್ಲಿ ಹಲವು ಹೊರಟು ಬಂದ ಬಾಗಿಲುಗಳು ಇವೇ.

ಇಲ್ಲಿ ಬಹಳ ಜನ ಎಡವುತ್ತಾರೆ. ಕರ್ಕ್‌ವುಡ್ ತೆರಪು ಎಂದು ಕರೆಯುವ ಇಂಥ ನಿಷಿದ್ಧ ಜಾಗ ಎಂದರೆ ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಖಾಲಿ ಉಂಗುರವಲ್ಲ. ಪಟ್ಟಿಯನ್ನು ಮೇಲಿನಿಂದ ನೋಡಲು ಸಾಧ್ಯವಾದರೆ ಅಂಥ ಯಾವ ಉಂಗುರವೂ ಕಾಣದು. ಏಷ್ಯಾವೇ ಪ್ರತಿ ಸುತ್ತಿನಲ್ಲೂ ಎರಡು ಬಾರಿ 2.5 ಖಗೋಳಮಾನದ ದೂರವನ್ನು ದಾಟುತ್ತದೆ, ಏನೂ ಆಗುವುದಿಲ್ಲ. ಆ ಜಾಗದಲ್ಲಿ ಇರುವುದು ಅಪಾಯವಲ್ಲ, ಸರಾಸರಿ ದೂರ ಅಷ್ಟಾಗುವುದು ಅಪಾಯ, ಏಕೆಂದರೆ ಅವಧಿಯನ್ನು ತೀರ್ಮಾನಿಸುವುದು ಸರಾಸರಿ ದೂರ. ತೆರಪು ಕಾಣಿಸುವುದು ಕಕ್ಷೆಗಳ ಯಾದಿಯಲ್ಲಿ. ಸಾವಿರಾರು ಚುಕ್ಕೆಗಳ ಫೋಟೊಗಳು ಹೇಳಲಾರದ್ದನ್ನು ಕಕ್ಷೆಗಳ ಯಾದಿ ಹೇಳಿತು.

ಗಾತ್ರದ ಬಗ್ಗೆ ಒಂದು ಮಾತು. ಕಕ್ಷೆ ಸಿಕ್ಕ ಮೇಲೆ ದೂರ ಗೊತ್ತು, ಹೊಳಪಂತೂ ಗೊತ್ತೇ ಇದೆ, ಗಾತ್ರ ಹೇಳಬಹುದಲ್ಲ ಎನಿಸುತ್ತದೆ. ಪೂರ್ತಿಯಾಗಿ ಹೇಳಲಾಗದು. ಇದ್ದಿಲಿನಂತೆ ಕಪ್ಪಾದ ದೊಡ್ಡ ಬಂಡೆಯೂ ತಿಳಿಬಣ್ಣದ ಚಿಕ್ಕ ಬಂಡೆಯೂ ಒಂದೇ ಹೊಳಪು ತೋರಬಹುದು. ಬಿದ್ದ ಬೆಳಕಿನಲ್ಲಿ ಶೇಕಡಾ 5ನ್ನು ಚದುರಿಸುವ ಮೇಲ್ಮೈ ಇದ್ದರೆ 9.4 ಕಿಲೋಮೀಟರ್ ಅಗಲವೆಂದು ಬರುವ ಕ್ಷುದ್ರಗ್ರಹ, ಶೇಕಡಾ 25 ಚದುರಿಸುವುದಾದರೆ 4.2 ಕಿಲೋಮೀಟರ್ ಆಗಿಬಿಡುತ್ತದೆ. ಸುದ್ದಿಗಳಲ್ಲಿ ‘4ರಿಂದ 9 ಕಿಲೋಮೀಟರ್’ ಎಂಬಂಥ ಸಡಿಲ ಅಂಕಿ ಇರುವುದು ಇದರಿಂದ. ಅದನ್ನು ಸಡಿಲವಾಗಿಯೇ ಬರೆಯುವುದು ಪ್ರಾಮಾಣಿಕ.

ಈಗಿನ ಪತ್ತೆಗಳ ವೇಗ ಬೇರೆಯೇ ಮಟ್ಟದ್ದು. ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನಿನಲ್ಲಿ ತನ್ನ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದಾಗ, ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿವೆ ಎಂದು ಪ್ರಕಟಿಸಿತು. ಹಾಗೆಂದು ನಮ್ಮ ಮಕ್ಕಳಿಗೆ ಮಾಡಲು ಏನೂ ಉಳಿದಿಲ್ಲ ಎಂದು ನಾನು ಒಪ್ಪುವುದಿಲ್ಲ. ಇಂಟರ್‌ನ್ಯಾಷನಲ್ ಅಸ್ಟ್ರನಾಮಿಕಲ್ ಸರ್ಚ್ ಕೊಲಾಬರೇಶನ್ ಎಂಬ ಕಾರ್ಯಕ್ರಮ ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ಶಾಲಾ ಕಾಲೇಜುಗಳ ತಂಡಗಳಿಗೆ ಉಚಿತವಾಗಿ ಕೊಡುತ್ತದೆ. ಅರಸೀಕೆರೆಯ ಅಥವಾ ಕಡೂರಿನ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ನಾಲ್ಕು ಚಿತ್ರಗಳನ್ನು ಒಂದರ ಮೇಲೊಂದು ಓಡಿಸಿ, ಸರಿಯುವ ಚುಕ್ಕೆಯನ್ನು ಗುರುತಿಸಿ, ಅದರ ಸ್ಥಾನವನ್ನು ಅಳೆದು ವರದಿ ಮಾಡಬಹುದು. ಅಂಥ ವರದಿ ಮೊದಲು ಪ್ರಾಥಮಿಕ ಪತ್ತೆ ಎನಿಸಿಕೊಳ್ಳುತ್ತದೆ. ಬೇರೆಯವರು ಮತ್ತೆ ಕಂಡರೆ ತಾತ್ಕಾಲಿಕ ಗುರುತು ಸಿಗುತ್ತದೆ. ಕ್ರಮಸಂಖ್ಯೆಯ ವೇಳೆಗೆ ಆಕೆ ಪದವಿ ಮುಗಿಸಿರಬಹುದು. ಪ್ರಾಥಮಿಕ ಹಂತದಲ್ಲೇ ‘ಕ್ಷುದ್ರಗ್ರಹ ಪತ್ತೆ ಮಾಡಿದ ಬಾಲಕಿ’ ಎಂದು ಬರೆದು, ಆಮೇಲೆ ಯಾರೂ ವಿಚಾರಿಸದೆ ಬಿಡುವುದಕ್ಕಿಂತ, ಆಕೆ ಮಾಡಿದ ಅಳತೆ ಎಷ್ಟು ನಿಖರವಾಗಿತ್ತು ಎಂದು ಕೇಳಿ ಬರೆದರೆ ಆ ಕೆಲಸಕ್ಕೆ ಹೆಚ್ಚಿನ ಗೌರವ ಸಲ್ಲುತ್ತದೆ.

ಚಲನೆಯನ್ನು ಸ್ವಂತ ಕಣ್ಣಿನಿಂದ ನೋಡಬೇಕೆನ್ನುವವರಿಗೆ ವೆಸ್ಟಾ ಇದೆ. 1807ರಲ್ಲಿ ಹೈನ್ರಿಕ್ ಓಲ್ಬರ್ಸ್ ಕಂಡ, 500 ಕಿಲೋಮೀಟರಿಗೂ ಹೆಚ್ಚು ಅಗಲದ ಇದು ಕ್ಷುದ್ರಗ್ರಹಗಳಲ್ಲಿ ಅತಿ ಹೊಳಪಿನದು. ಅದು ಸೂರ್ಯನಿಗೆ ಎದುರು ಬರುವ ತಿಂಗಳು ಮಳೆಗಾಲದ್ದಲ್ಲದಿದ್ದರೆ ಸಾಮಾನ್ಯ ಬೈನಾಕ್ಯುಲರ್ ಸಾಕು. ಕಾಫಿ ಒಣಗಿಸುವ ಕಣದಂಥ ಬಯಲಾದರೆ ಮರಗಳ ಅಡ್ಡಿಯಿಲ್ಲ, ಹೊರದೀಪ ಆರಿಸಿದರೆ ಕತ್ತಲೆಗೂ ಕೊರತೆಯಿಲ್ಲ. ಯಾವುದಾದರೂ ಉಚಿತ ಆಕಾಶನಕ್ಷೆಯಲ್ಲಿ ಅದರ ಜಾಗ ನೋಡಿಕೊಂಡು, ಬೈನಾಕ್ಯುಲರಿನಲ್ಲಿ ಕಾಣುವ ನಕ್ಷತ್ರಗಳನ್ನು ಕಾಗದದ ಮೇಲೆ ಚುಕ್ಕೆಗಳಾಗಿ ಬರೆದುಕೊಳ್ಳಿ. ಎರಡು ರಾತ್ರಿ ಬಿಟ್ಟು ಅದೇ ಹೊತ್ತಿಗೆ ಮತ್ತೆ ಬರೆಯಿರಿ. ಚಂದ್ರನ ಅಗಲದಷ್ಟು ಸರಿದ ಚುಕ್ಕೆ ಯಾವುದೋ ಅದೇ ವೆಸ್ಟಾ. ಚಿತ್ರದ ಪಕ್ಕದಲ್ಲಿ ದಿನಾಂಕದೊಂದಿಗೆ ಗಂಟೆ, ನಿಮಿಷಗಳನ್ನೂ ಬರೆದಿಡಿ. ಇಂಥ ಕ್ಷುದ್ರಗ್ರಹ ಒಂದು ನಿಮಿಷದಲ್ಲಿ ಅರ್ಧ ಆರ್ಕ್ ಸೆಕೆಂಡಿಗೂ ಹೆಚ್ಚು ಸರಿಯುತ್ತದೆ. ಬೈನಾಕ್ಯುಲರಿನ ಚಿತ್ರಕ್ಕೆ ಅದು ಲೆಕ್ಕಕ್ಕಿಲ್ಲದ್ದು, ಆದರೆ ನಾಳೆ ಕ್ಯಾಮೆರಾದಿಂದ ಅಳೆಯಲು ಹೊರಟಾಗ ಗಡಿಯಾರ ಒಂದು ನಿಮಿಷ ತಪ್ಪಿದ್ದರೂ ಕಕ್ಷೆಯ ಲೆಕ್ಕಕ್ಕೆ ಆ ಅಳತೆಯನ್ನು ಸೇರಿಸಿಕೊಳ್ಳುವಂತಿಲ್ಲ.